ಜೋಳ ಕೇಳಿ ಬಂದವಳು

ನಮ್ಮ ಓಣಿಯ ಮಕ್ಕಳಿಗೆಲ್ಲ ಹುಟ್ಟಿದ ಕಥೆಗಳಿದ್ದವು, ನನಗೆ ಮಾತ್ರ ಬಂದ ಕಥೆ ಇತ್ತು. ಎದುರುಮನೆಯ ಶಾಂತಿ ಬಳ್ಳಾರಿ ಬಸ್ಸಿನಲ್ಲಿ ಹುಟ್ಟಿದವಳು. ಮೂಲೆಮನೆಯ ಅವಳಿಗಳು ಒಬ್ಬ ಅಮಾವಾಸ್ಯೆಗೆ, ಇನ್ನೊಬ್ಬ ಪಾಡ್ಯಕ್ಕೆ ಹುಟ್ಟಿದವರು. ನನ್ನ ಅವ್ವ ನನ್ನ ಕಥೆಯನ್ನು ಇವೆಲ್ಲಕ್ಕಿಂತ ಜೋರಾಗಿ ಹೇಳುತ್ತಿದ್ದಳು. ಅದಕ್ಕೆ ನೆವವೇ ಬೇಕಿರಲಿಲ್ಲ. ಬಳೆ ತೊಡಿಸಲು ಬಂದ ಬಳೆಗಾರ, ಹಿಟ್ಟಿನ ಗಿರಣಿಯಲ್ಲಿ ಪಾಳಿ ಕಾಯುತ್ತಿದ್ದ ಹೆಂಗಸರು, ಶ್ರಾವಣದಲ್ಲಿ ಭಿಕ್ಷಕ್ಕೆ ಬರುತ್ತಿದ್ದ ಅಯ್ಯನವರು, ಯಾರು ಸಿಕ್ಕರೂ ಸರಿ, ನನ್ನನ್ನು ಎಳೆದು ಎದುರಿಗೆ ನಿಲ್ಲಿಸಿಕೊಂಡು ಶುರು ಮಾಡುತ್ತಿದ್ದಳು. ನಾನು ನೆಲ ನೋಡುತ್ತ ನಿಲ್ಲುತ್ತಿದ್ದೆ. ಹುಡುಗಿಗೆ ನಾಚಿಕೆ ಎಂದು ಕೇಳಿದವರು ನಗುತ್ತಿದ್ದರು. ಅದು ನಾಚಿಕೆಯಾಗಿರಲಿಲ್ಲ, ಹೆದರಿಕೆಯಾಗಿತ್ತು.

ಅವ್ವನ ಕಥೆ ಹೀಗಿತ್ತು. ಅಪ್ಪ ಸಿರುಗುಪ್ಪದ ಆಸ್ಪತ್ರೆಯಲ್ಲಿ ಕಂಪೌಂಡರ್. ದೂರದ ಬಂಗಾಳದಲ್ಲಿ ಯುದ್ಧವಾಗಿ, ಮನೆಮಠ ಕಳೆದುಕೊಂಡ ಜನರನ್ನು ಸರ್ಕಾರ ರೈಲಿನಲ್ಲಿ ತಂದು ಹೊಳೆಯಾಚೆ ಸಿಂಧನೂರಿನ ಕಡೆ ಡೇರೆ ಹಾಕಿ ಇಳಿಸಿತ್ತು. ಅಲ್ಲಿ ಕಾಲರಾ ಸೂಜಿ ಹಾಕಲು ಅಪ್ಪನನ್ನು ನಾಲ್ಕು ದಿನ ಕಳಿಸಿದ್ದರು. ಮೂರನೆಯ ದಿನ ಅವ್ವ ಅವನಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಮುಂಜಾನೆಯ ಬಸ್ಸಿಗೆ ಹೋದಳು. ಸೂಜಿಗೆ ನಿಂತ ಸಾಲು ಮುಗಿಯುವಂತಿರಲಿಲ್ಲ. ಗಂಟು ಹಿಡಿದು ನೆರಳು ಹುಡುಕುತ್ತ ಜಾಲಿ ಮರದ ಹತ್ತಿರ ಹೋದರೆ, ಗೋಣಿಚೀಲದ ಮೇಲೆ ಒಂದು ಕೂಸು. ಐದಾರು ವರ್ಷ ಇದ್ದೀತು. ತಲೆ ಬೋಳಿಸಿದ್ದರು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಅದು ಕಣ್ಣು ತೆರೆದು ಅವ್ವನ ಸೆರಗು ಹಿಡಿಯಿತು. ಇಲ್ಲಿಗೆ ಬಂದಾಗ ಅವ್ವ ದನಿ ಇಳಿಸಿ ನನ್ನ ಹಾಗೆ ಮಾಡಿ ತೋರಿಸುತ್ತಿದ್ದಳು.

“ಜೋಲ, ಜೋಲ ಅಂತು ನೋಡ್ರಿ. ಅನ್ನ ಉಣ್ಣೋ ನಾಡಿನ ಕೂಸು, ಅಷ್ಟು ಮಂದ್ಯಾಗ ನನ್ನ ಸೆರಗು ಹಿಡಿದು ಜೋಳ ಕೇಳ್ತು. ನಾಲಿಗಿ ಇನ್ನಾ ಹೊಳ್ಳಿರಲಿಲ್ಲ, ಅಷ್ಟ. ನಮ್ಮನಿ ಋಣ ಇದ್ದದ್ದಕ್ಕ ಕೇಳ್ತು.”

ಆಮೇಲೆ ಅವಳು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ರೊಟ್ಟಿ ಮುರಿದು ಮುರಿದು ಬಾಯಿಗೆ ಇಟ್ಟಳಂತೆ. ನಾನು ಒಂದೂವರೆ ರೊಟ್ಟಿ ತಿಂದೆನಂತೆ. ಕೇಳಿದ ಹೆಂಗಸರು ಲೊಚಗುಟ್ಟಿ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿಯುತ್ತಿದ್ದರು. ಕಥೆಯಲ್ಲಿ ಎಲ್ಲವೂ ನಿಜ. ಬಸ್ಸು ನಿಜ, ಜಾಲಿ ಮರ ನಿಜ, ಒಂದೂವರೆ ರೊಟ್ಟಿಯೂ ನಿಜ. ಒಂದೇ ಒಂದು ಮಾತು ತಪ್ಪು. ನಾನು ಕೇಳಿದ್ದು ಜೋಳವನ್ನಲ್ಲ, ನೀರನ್ನು. ನಾನು ಹುಟ್ಟಿದ ಮನೆಯಲ್ಲಿ ನೀರಿಗೆ ಜೊಲ್ ಎನ್ನುತ್ತಿದ್ದರು. ಕುಡಿಯುತ್ತೇನೆ ಎನ್ನುವುದಕ್ಕೂ ತಿನ್ನುತ್ತೇನೆ ಎನ್ನುವುದಕ್ಕೂ ಅಲ್ಲಿ ಒಂದೇ ಮಾತು, ಸನ್ನೆಯೂ ಒಂದೇ. ಹಾಗಾಗಿ ನಾನು ಬಾಯಿಗೆ ಕೈ ತೋರಿಸಿದ್ದೂ ಅವ್ವನ ಲೆಕ್ಕಕ್ಕೆ ಸರಿಯಾಗಿಯೇ ಕೂತಿತು. ಜ್ವರದಲ್ಲಿ ಗಂಟಲು ಒಣಗಿದ ಮಗು ನೀರು ಎಂದರೆ, ನನ್ನ ಅವ್ವ ಅದರ ಬಾಯಿಗೆ ಒಣರೊಟ್ಟಿ ಇಟ್ಟಳು.

ನನ್ನ ಹೆತ್ತವರು ದಾರಿಯಲ್ಲೇ ಉಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವಷ್ಟು ನೆನಪಿಲ್ಲ, ಬಿಟ್ಟುಬಿಡುವಷ್ಟು ಮರೆತೂ ಇಲ್ಲ. ಉಳಿದವನು ನನ್ನ ತಂದೆಯ ತಮ್ಮ, ನಿತಾಯ್ ಕಾಕಾ ಒಬ್ಬನೇ. ಇಪ್ಪತ್ತೆರಡು ವರ್ಷದ ಹುಡುಗನ ಕೈಯಲ್ಲಿ ಜ್ವರದ ಮಗು. ಆಸ್ಪತ್ರೆಗೆ ಸೇರಿಸುತ್ತೇನೆ ಎಂದು ಅಪ್ಪ ಕೈಸನ್ನೆಯಲ್ಲಿ ಹೇಳಿದಾಗ ಅವನು ತಲೆಯಾಡಿಸಿದ. ಜ್ವರ ಬಿಡುವ ತನಕ ಎಂಬುದು ಅವರಿಬ್ಬರ ನಡುವಿನ ಮಾತು. ಸಿರುಗುಪ್ಪದ ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೆ ಜ್ವರ ಬಿಟ್ಟಿತು. ಆದರೆ ನಾನು ಮಾತಾಡುತ್ತಿರಲಿಲ್ಲ, ನಗುತ್ತಿರಲಿಲ್ಲ, ಬಾಗಿಲು ಬಡಿದ ಸಪ್ಪಳಕ್ಕೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ. ಕಾಕಾ ನೋಡಲು ಬಂದವನು ಇನ್ನಷ್ಟು ದಿನ ಇಟ್ಟುಕೊಳ್ಳಿ ಎಂದು ಕೈಮುಗಿದು ಹೋದ. ಮಕ್ಕಳಿಲ್ಲದ ಅವ್ವ ಅಂದೇ ಸಂಜೆ ಸಿರುಗುಪ್ಪದ ಬಾಡಿಗೆ ಕೋಣೆಯನ್ನು ಅಪ್ಪನಿಗೆ ಬಿಟ್ಟು, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಕುರುಗೋಡಿನ ಮನೆಗೆ ಬಂದಳು. ಪಾರುಲ್ ಎಂಬ ನನ್ನ ಹೆಸರು ಬಸ್ಸಿಳಿಯುವಷ್ಟರಲ್ಲಿ ಪಾರವ್ವ ಆಗಿತ್ತು.

ಕುರುಗೋಡಿನ ಆ ಮಾಳಿಗೆ ಮನೆ ಈಗಲೂ ನನಗೆ ಕೋಣೆಕೋಣೆಯಾಗಿ ಗೊತ್ತು. ಬೆಟ್ಟದ ಬಂಡೆಗಳು ಹಿತ್ತಲಿನ ತನಕ ಇಳಿದು ಬಂದಿದ್ದವು. ಬೇಸಿಗೆಯಲ್ಲಿ ಹೊತ್ತು ಮುಳುಗಿದರೂ ಆ ಬಂಡೆಗಳು ಬೆಚ್ಚಗೇ ಇರುತ್ತಿದ್ದವು. ಮುಂದೆ ಎತ್ತರದ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಅದರಾಚೆ ಹಗಲಲ್ಲೂ ದೀಪ ಬೇಕಾಗುವ ನಡುಮನೆ. ನಡುಮನೆಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಧ್ಯಾಹ್ನ ಅದರಿಂದ ಇಳಿಯುತ್ತಿದ್ದ ಬಿಸಿಲಿನ ತುಂಡು ನೆಲದ ಮೇಲೆ ಒಂದು ಮಣೆಯಷ್ಟಿರುತ್ತಿತ್ತು. ಮೊದಲ ದಿನಗಳಲ್ಲಿ ನಾನು ಆ ಬಿಸಿಲಿನಲ್ಲೇ ಕೂರುತ್ತಿದ್ದೆ, ಅದು ಸರಿದ ಹಾಗೆ ಸರಿಯುತ್ತಿದ್ದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಮೊದಲು ಆ ಸಪ್ಪಳಕ್ಕೂ ಬೆದರಿದವಳು ಕೆಲವು ವಾರಗಳಲ್ಲಿ ಅದು ನಿಂತರೆ ಎದ್ದು ಹೋಗಿ ನೋಡತೊಡಗಿದೆ. ಒಂದು ರೊಟ್ಟಿ ತಿಂದು ಇನ್ನೊಂದನ್ನು ಮುರಿದು ಗೋಡೆಯ ಮಾಡದಲ್ಲಿ, ಹಾಸಿಗೆಯ ಸುರುಳಿಯಲ್ಲಿ ಬಚ್ಚಿಡುತ್ತಿದ್ದೆ. ಇರುವೆ ಸಾಲುಗಟ್ಟಿದಾಗ ಕಳ್ಳತನ ಹೊರಬಿತ್ತು.

ಆ ಮನೆಯ ಯಜಮಾನಿಕೆ ಅಪ್ಪನ ತಾಯಿಯದು, ನನ್ನ ಅಜ್ಜಿಯದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಕೀಲಿಗೊಂಚಲು. ನನ್ನನ್ನು ಕಂಡ ಮೊದಲ ದಿನವೇ ಅವಳು ಯಾರ ಮಗಳೋ, ಯಾವ ಕುಲವೋ, ಏನೇನು ತಿಂದ ಬಾಯೋ ಎಂದು ಹೊಸ್ತಿಲ ಮೇಲೆ ಕೋಲು ಅಡ್ಡ ಇಟ್ಟಿದ್ದಳಂತೆ. ಅವ್ವ ಆಗ ತನ್ನ ಕಥೆ ಹೇಳಿದಳು. ಕಥೆ ಕೇಳಿ ಅಜ್ಜಿ ಸುಮ್ಮನಾದಳು. ಆ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಒಂದು ರೀತಿ ಇತ್ತು: ಅಂಗಳದ ಹಗೇವಿನಲ್ಲಿ ಒಂದು ಹಿಡಿ ಕಾಳು ಇರುವ ತನಕ ಜೋಳ ಕೇಳಿ ಬಂದವರಿಗೆ ಇಲ್ಲ ಎನ್ನುವಂತಿಲ್ಲ. ಬರಗಾಲದಲ್ಲೂ ಅವಳ ಅತ್ತೆ ಆ ರೀತಿ ಬಿಟ್ಟಿರಲಿಲ್ಲ, ಅವಳೂ ಬಿಡುವವಳಲ್ಲ. ಕೋಲು ಸರಿಸಿ ದಾರಿ ಕೊಟ್ಟಳು. ಹೀಗೆ ಆ ಮನೆಯ ಹೊಸ್ತಿಲನ್ನು ನಾನು ಒಂದು ತಪ್ಪು ಮಾತಿನ ಬಲದಿಂದ ದಾಟಿದೆ. ಆಗ ಅದು ನನಗೆ ಗೊತ್ತಿರಲಿಲ್ಲ. ಆಗಲೇ ಗೊತ್ತಾಗಿದ್ದರೆ ಚೆನ್ನಾಗಿತ್ತೋ, ಎಂದಿಗೂ ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತೋ, ಇಂದಿಗೂ ತೀರ್ಮಾನಿಸಲು ಆಗಿಲ್ಲ.

ಹಗೇವು ಎಂದರೆ ನೆಲದೊಳಗಿನ ಕಣಜ. ಆಳುದ್ದದ ಗುಂಡಿ, ಬಾಯಿಗೆ ಚಪ್ಪಡಿ ಕಲ್ಲು, ಮೇಲೆ ಮಣ್ಣು. ವರ್ಷಕ್ಕೆ ಒಂದೆರಡು ಸಲ ತೆಗೆದು ಜೋಳ ಎತ್ತುತ್ತಾರೆ. ನಾನು ಬಂದ ಮೂರನೇ ತಿಂಗಳಿಗೋ ಏನೋ ಅದನ್ನು ತೆಗೆದರು. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಅರ್ಧ ದಿನ ಬಿಟ್ಟು, ದೀಪ ಇಳಿಸಿ ಆರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಮನೆಯ ಹಳೆಯ ಆಳು ಹನುಮಂತಪ್ಪ ಹಗ್ಗ ಹಿಡಿದು ಇಳಿದ. ಅವನ ತಲೆ ನೆಲದೊಳಗೆ ಮಾಯವಾದದ್ದನ್ನು ನೋಡಿ ನಾನು ಚೀರಿದೆ. ಮನುಷ್ಯರು ಗುಂಡಿಗೆ ಇಳಿಯುವುದನ್ನು ನಾನು ಮೊದಲೂ ನೋಡಿದ್ದೆ, ಮತ್ತೆ ಮೇಲೆ ಬಂದದ್ದನ್ನು ನೋಡಿರಲಿಲ್ಲ. ಮೂರು ತಿಂಗಳಲ್ಲಿ ನನ್ನ ಬಾಯಿಂದ ಹೊರಟ ಮೊದಲ ದನಿ ಅದು. ಬೇಡ, ಇಳಿಯಬೇಡ ಎಂದು ನನ್ನ ಮಾತಿನಲ್ಲಿ ಅರಚುತ್ತಿದ್ದೆ. ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿಗೆ ಮಾತ್ರ ಏನು ಹೊಳೆಯಿತೋ, ಅವನನ್ನು ಮೇಲೆ ಹತ್ತಿಸಿದಳು. ನನ್ನೆದುರು ಕೂರಿಸಿ ಅವನ ಮುಖ, ಕೈ, ಕಾಲು ಮುಟ್ಟಿಸಿ ತೋರಿಸಿದಳು. ಮತ್ತೆ ಇಳಿಸಿದಳು, ಮತ್ತೆ ಹತ್ತಿಸಿದಳು. ಐದಾರು ಸಲ ಹೀಗೆ ಆಯಿತು. ಕೆಲಸ ಕೆಟ್ಟಿತೆಂದು ಹನುಮಂತಪ್ಪ ಗೊಣಗಿದರೆ, ಕೂಸಿನ ಜೀವ ನೆಲಿಗೆ ನಿಲ್ಲೋ ತನಕ ಹತ್ತಿ ಇಳಿ ಎಂದಳು. ಕೊನೆಯ ಸಲ ಅವನು ಬೊಗಸೆ ತುಂಬ ಜೋಳ ತಂದು ನನ್ನ ಲಂಗದಲ್ಲಿ ಸುರಿದ. ನೆಲದೊಳಗಿನ ಕಾಳು ಹಿತವಾಗಿ ಬೆಚ್ಚಗಿತ್ತು. ನಾನು ಅಳು ನಿಲ್ಲಿಸಿದೆ.

ಆಮೇಲೆ ಕನ್ನಡ ಬರತೊಡಗಿತು, ಅದೂ ಒಂದೊಂದಲ್ಲ, ದಂಡುದಂಡಾಗಿ. ವರ್ಷ ತುಂಬುವುದರೊಳಗೆ ಶಾಂತಿಯ ಜೊತೆ ಜಗಳವಾಡುವಷ್ಟು ಬಂತು. ಒಂದು ಮಧ್ಯಾಹ್ನ ಅಜ್ಜಿ ಮೊರದಲ್ಲಿ ಜೋಳ ಕೇರುತ್ತಿದ್ದಳು, ನಾನು ಕಲ್ಲು ಆರಿಸುತ್ತಿದ್ದೆ. ಪಕ್ಕದಲ್ಲಿ ಅವ್ವ ಯಾರಿಗೋ ಕಥೆ ಹೇಳುತ್ತಿದ್ದಳು. ನೂರು ಸಲ ಕೇಳಿದ ಕಥೆ ಅಂದು ಮೊದಲ ಸಲ ಪೂರ್ತಿ ಅರ್ಥವಾಯಿತು. ಮೊರದಲ್ಲಿದ್ದದ್ದು ಜೋಳ. ನಾನು ಕೇಳಿದ್ದು ಜೊಲ್. ಕೈಯಲ್ಲಿದ್ದ ಕಲ್ಲು ಜಾರಿ ಮತ್ತೆ ಮೊರಕ್ಕೇ ಬಿತ್ತು, ಅಜ್ಜಿ ಕಣ್ಣು ಕಾಣೋದಿಲ್ಲೇನು ಎಂದು ಗದರಿದಳು. ಹೇಳಿಬಿಡಬಹುದಿತ್ತು. ಮಕ್ಕಳು ಇಂಥದ್ದನ್ನು ಹೇಳಿ ಚಪ್ಪಾಳೆ ತಟ್ಟಿ ನಗುತ್ತಾರೆ. ನಾನು ಹೇಳಲಿಲ್ಲ. ಅಜ್ಜಿ ಕೋಲು ಸರಿಸಿದ್ದು ಆ ಮಾತಿಗೆ ಎಂದು ನನಗೆ ತಿಳಿದಿತ್ತು. ಅವ್ವ ಅದನ್ನು ಋಣ ಎನ್ನುತ್ತಿದ್ದಳು. ನೀರು ಕೇಳಿದವಳಿಗೆ ಈ ಮನೆಯಲ್ಲಿ ಯಾವ ಋಣ? ಒಂದು ಲೋಟ ನೀರು ಕುಡಿಸಿ ಕಳಿಸಿದರೆ ಮುಗಿಯಿತು. ಅಂದಿನಿಂದ ಕಥೆ ಶುರುವಾದಾಗಲೆಲ್ಲ ನಾನು ನೆಲ ನೋಡತೊಡಗಿದೆ.

ಮೀನಿನ ಪ್ರಸಂಗ ನಡೆದದ್ದು ಅದೇ ಮಳೆಗಾಲದಲ್ಲಿ. ಊರಾಚೆಯ ಕಾಲುವೆಗೆ ನೀರು ಬಿಟ್ಟಿದ್ದರು. ಅಂಚಿನಲ್ಲಿ ಬೆರಳುದ್ದದ ಮೀನು ಫಳಫಳ ಹೊಳೆಯುತ್ತಿದ್ದವು. ಕೈಗೆ ಹಳೆಯ ಅಭ್ಯಾಸ, ನನ್ನನ್ನು ಕೇಳಲೇ ಇಲ್ಲ. ಲಂಗ ಒಡ್ಡಿ ಹತ್ತು ಹನ್ನೆರಡು ಹಿಡಿದು, ಅವ್ವ ಮೆಚ್ಚುತ್ತಾಳೆಂದು ಓಡೋಡಿ ಬಂದು ಅಡುಗೆಮನೆಯ ಒಲೆಯ ಪಕ್ಕ ಸುರಿದೆ. ಅಜ್ಜಿ ಆಗಷ್ಟೇ ಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕೂತಿದ್ದಳು. ತಾಟು ಹಾಗೇ ಬಿಟ್ಟು ಎದ್ದಳು. ಒಲೆ ಬಳಿದು, ನೆಲ ತೊಳೆದು, ನನಗೆ ಹಿತ್ತಲಿನ ಬಂಡೆಯ ಮೇಲೆ ಮೂರು ಸಲ ನೀರು ಸುರಿದಳು. ಆ ದಿನವಿಡೀ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅವ್ವ, ಕೂಸಿಗೇನು ತಿಳಿದೀತು ಅತ್ತೀ ಎಂದದ್ದೇ ತಪ್ಪಾಯಿತು. ಅತ್ತೆ ಸೊಸೆ ಅಲ್ಲಿಯ ತನಕ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಹೊರಬಂತು. ಬಂಜೆ ಎನ್ನುವ ಮಾತೂ ಬಂತು. ಅವ್ವ ಅಳಲಿಲ್ಲ, ಬಾವಿಗೆ ಹೋಗಿ ಕೊಡದ ಮೇಲೆ ಕೊಡ ಸೇದಿದಳು. ಕೊನೆಗೆ ಅಜ್ಜಿ ಪಡಸಾಲೆಯಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಜೋಳ ಕೇಳಿ ಬಂದಾಕಿ ಅಂತ ಸುಮ್ನ ಅದೀನಿ. ಇಲ್ಲಂದ್ರ ಇವತ್ತ ಹೊಳಿ ದಾಟಿಸ್ತಿದ್ದೆ.”

ನಾನು ಒದ್ದೆ ಲಂಗದಲ್ಲಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಂದು ಸಂಜೆ ಅಜ್ಜಿಯೇ ನನ್ನನ್ನು ಕರೆದು ಮುಚ್ಚಳವಿರುವ ಒಂದು ತಗಡಿನ ಡಬ್ಬಿ ಕೊಟ್ಟಳು. ರೊಟ್ಟಿ ಬಚ್ಚಿಡುವುದಾದರೆ ಇದರಲ್ಲಿ ಇಡು, ಇರುವೆ ಹತ್ತುವುದಿಲ್ಲ ಎಂದಳು. ಬೈದ ಬಾಯಿಂದಲೇ ಬಂದ ಮಾತು. ಅಜ್ಜಿಯನ್ನು ನಾನು ಪ್ರೀತಿಸತೊಡಗಿದ್ದು ಆ ಸಂಜೆಯಿಂದ. ಪ್ರೀತಿ ಹೆಚ್ಚಿದಷ್ಟೂ ಗುಟ್ಟು ಭಾರವಾಯಿತು.

ಶಾಲೆಗೆ ಸೇರಿಸುವ ಮೊದಲು ಅವ್ವ ನನ್ನನ್ನು ಬಟ್ಟೆ ಹೊಲಿಸಲು ಬಳ್ಳಾರಿಗೆ ಕರೆದೊಯ್ದಳು. ಕೌಲ್ ಬಜಾರಿನಲ್ಲಿ ಒಬ್ಬ ಮುಸ್ಲಿಂ ಹೆಂಗಸು ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಬಿಸಿಲಿಗೆ ನನ್ನ ತುಟಿ ಒಣಗಿದ್ದನ್ನು ನೋಡಿ, ಅಳತೆ ಹಿಡಿಯುತ್ತಲೇ ಪಾನಿ ಹೋನಾ ಬೇಟಿ ಎಂದಳು. ನಾನು ಥಟ್ಟನೆ ಹೂಂ ಎಂದೆ. ಪಾನಿ ನನಗೆ ಗೊತ್ತಿದ್ದ ಮಾತು. ನಮ್ಮ ಹಳ್ಳಿಯ ಕೆರೆಯ ಆ ದಂಡೆಯ ಮುಸಲ್ಮಾನರು ನೀರಿಗೆ ಪಾನಿ ಎನ್ನುತ್ತಿದ್ದರು, ಈ ದಂಡೆಯ ನಾವು ಜೊಲ್ ಎನ್ನುತ್ತಿದ್ದೆವು. ಈಕಿಗೆ ಉರ್ದುನೂ ಬರತೈತಿ ಎಂದು ಅವ್ವ ಹೆಮ್ಮೆಯಿಂದ ನಕ್ಕಳು. ನಾನು ಎರಡು ಲೋಟ ನೀರು ಕುಡಿದೆ, ಕುಡಿಯುತ್ತ ಯೋಚಿಸಿದೆ. ಅಂದು ಜಾಲಿ ಮರದ ಕೆಳಗೆ ಪಾನಿ ಎಂದಿದ್ದರೆ ಅವ್ವನಿಗೆ ತಿಳಿಯುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ಪಾನಿ ತಿಳಿಯದವರು ಯಾರಿದ್ದಾರೆ? ಎಲ್ಲಿಂದಲೋ ನೀರು ತಂದು ಕುಡಿಸಿ, ತಲೆ ಸವರಿ, ರೊಟ್ಟಿ ಗಂಟು ಹಿಡಿದು ಗಂಡನ ಹತ್ತಿರ ಹೋಗಿಬಿಡುತ್ತಿದ್ದಳು. ಆ ಯೋಚನೆಯಿಂದ ನನಗೆ ಎಂಥ ಗಾಬರಿಯಾಯಿತೆಂದರೆ, ಅಳತೆ ಮುಗಿಯುವ ತನಕ ಅವ್ವನ ಸೆರಗು ಬಿಡಲಿಲ್ಲ. ಹೆಂಗಸು ಬಗ್ಗಿ ಸೊಂಟದ ಅಳತೆಗೆ ಟೇಪು ಸುತ್ತಿದರೆ ಸೆರಗಿನ ತುದಿಯೂ ಒಳಗೆ ಸಿಕ್ಕಿಕೊಂಡಿತು.

ನಾನು ಬಂದು ಮೂರು ವರ್ಷವಾಯಿತು. ಅಪ್ಪ ಶನಿವಾರ ಸಂಜೆ ಸಿರುಗುಪ್ಪದಿಂದ ಬರುತ್ತಿದ್ದ. ಮಾತು ಕಡಿಮೆಯ ಮನುಷ್ಯ, ಅಂಗಿಯಿಂದ ಆಸ್ಪತ್ರೆಯ ಕೆಂಪು ಔಷಧದ ವಾಸನೆ. ಬಂದವನು ಮೊದಲು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಐತಿ ಎನ್ನುತ್ತಿದ್ದ. ಅದೇ ಅವನ ಮುದ್ದು. ನಾನು ಎರಡನೇ ಇಯತ್ತೆಗೆ ಬಂದಾಗ ಶಾಲೆಯ ಮಾಸ್ತರು ತಂದೆಯ ಹೆಸರು ಸರಿಯಾಗಿ ಕಾಗದದ ಮೇಲೆ ಬೇಕು ಎಂದರು. ದತ್ತು ಪತ್ರ ಮಾಡಿಸಬೇಕಾಯಿತು. ಬಳ್ಳಾರಿಯಲ್ಲಿ ಕಾಗದ ಬರೆಸಿ, ಕೊಡುವವರ ಸಹಿಗೆ ಅಪ್ಪ ಹೊಳೆಯಾಚೆ ಹೋಗಿ ಕಾಕಾನನ್ನು ಕಂಡ. ಕಾಗದವಾದ ಮೇಲೆ ಅಯ್ಯನವರನ್ನು ಕರೆಸಿ ಈಕೆಗೆ ಲಿಂಗ ಕಟ್ಟಿಸೋಣ ಎಂದು ಅಜ್ಜಿಯೂ ಹೇಳಿದ್ದಳು. ಕಾಕಾ ಸಹಿ ಹಾಕಲಿಲ್ಲ. ಹುಡುಗಿಯನ್ನು ನೋಡದೆ ಏನೂ ಹೇಳಲಾರೆ ಎಂದು ಒಂದು ಭಾನುವಾರ ಅಪ್ಪನ ಜೊತೆ ಕುರುಗೋಡಿಗೆ ಬಂದ.

ಹೊಸ ಅಂಗಿ ಹಾಕಿದ್ದ, ಅದರ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಪಡಸಾಲೆಯ ಕಂಬಳಿಯ ಮೇಲೆ ಅಂಚಿಗೆ ಕೂತ. ನಾನು ಕಂಬದ ಹಿಂದೆ ನಿಂತಿದ್ದೆ. ಅವನ ಹುಬ್ಬು ನನ್ನ ಹುಬ್ಬಿನಂತೆಯೇ ಇದ್ದವು, ಅದನ್ನು ನೋಡಿ ನನಗೆ ಸಂಕಟವಾಯಿತು. ಹೊಳೆಯಾಚೆ ಬಂದು ನೆಲೆಸಿದ್ದ ಆಂಧ್ರದ ರೈತರ ಗದ್ದೆಗಳಲ್ಲಿ ದುಡಿದು ಅವನಿಗೆ ತೆಲುಗು ಬಂದಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ತೆಲುಗು ಗೊತ್ತು. ಹಾಗಾಗಿ ಬಂಗಾಳಿಯವನೂ ಕನ್ನಡದವರೂ ನನ್ನ ಹಣೆಬರಹವನ್ನು ತೆಲುಗಿನಲ್ಲಿ ಮಾತಾಡಿದರು. ಈಗ ತನಗೆ ಭೂಮಿ ಸಿಕ್ಕಿದೆ, ಗುಡಿಸಲಿದೆ, ಮದುವೆಯಾಗಿದೆ, ಅಣ್ಣನ ಕಡೆಯಿಂದ ಉಳಿದ ಜೀವ ಇದೊಂದೇ, ಕರೆದುಕೊಂಡು ಹೋಗುತ್ತೇನೆ ಎಂದ. ಜೋರಿನಿಂದ ಹೇಳಲಿಲ್ಲ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಹೇಳಿದ. ಅವ್ವ ಒಂದು ಹೆಜ್ಜೆ ಮುಂದೆ ಬಂದು ತನ್ನ ಕಥೆ ಹೇಳತೊಡಗಿದಳು. ಅವಳಲ್ಲಿ ಇದ್ದ ಹಕ್ಕುಪತ್ರ ಅದೊಂದೇ. ಬಸ್ಸು, ಗಂಟು, ಜಾಲಿ ಮರ, ಸೆರಗು. ಹುಡುಗಿ ತಾನಾಗಿ ಜೊನ್ನಲು ಕೇಳಿದಳು ಎಂದಳು. ತೆಲುಗಿನಲ್ಲಿ ಜೋಳಕ್ಕೆ ಜೊನ್ನಲು. ಕಾಕಾ ತಲೆ ಎತ್ತಿದ. ಅವಳು ಅಂದದ್ದೇನು, ಅದೇ ಮಾತು ಹೇಳಿ ಎಂದು ಕೇಳಿದ. ಅವ್ವ ನನ್ನ ದನಿಯಲ್ಲಿ ಹೇಳಿ ತೋರಿಸಿದಳು.

“ಜೊಲ್ ಅಂಟೇ ಜೊನ್ನಲು ಕಾದಮ್ಮಾ,” ಎಂದ ಕಾಕಾ. “ನೀಳ್ಳು.”

ಜೋಳವಲ್ಲ ತಾಯಿ, ನೀರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಕಾ ಇನ್ನೂ ಹೇಳಿದ. ಅಂದು ಅವನು ನೀರಿನ ಸಾಲಿಗೆ ಹೋಗಿದ್ದನಂತೆ. ತಂಬಿಗೆ ತುಂಬಿಸಿಕೊಂಡು ಬಂದಾಗ ನಾನು ಯಾರದೋ ತೊಡೆಯ ಮೇಲೆ ಮಲಗಿ ತಿನ್ನುತ್ತಿದ್ದೆನಂತೆ. ನಾಲ್ಕು ದಿನದಿಂದ ಏನು ಕೊಟ್ಟರೂ ಉಗುಳುತ್ತಿದ್ದ ಮಗು ತಿನ್ನುತ್ತಿದೆ, ಹತ್ತಿರ ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತದೋ ಎಂದು ಡೇರೆಯ ಮರೆಯಲ್ಲಿ ತಂಬಿಗೆ ಹಿಡಿದು ನಿಂತೇ ಇದ್ದನಂತೆ. ಅದನ್ನು ಹೇಳುವಾಗ ಅವನ ಕಣ್ಣು ತುಂಬಿದವು. ಆದರೆ ಅವ್ವ ಅವನ ಕಡೆ ನೋಡುತ್ತಿರಲಿಲ್ಲ. ಕಂಬದ ಹಿಂದಿನಿಂದ ನನ್ನನ್ನು ಎಳೆದುಕೊಂಡು ಮಂಡಿಯೂರಿ ಕೂತಳು.

“ನೀರು ಕೇಳಿದ್ದೇನ ನೀ?”

ನಾನು ತಲೆಯಾಡಿಸಿದೆ.

“ನಿನಗ ಗೊತ್ತಿತ್ತೇನ? ಯಾಕ ಹೇಳಲಿಲ್ಲ?”

“ಹೇಳಿದ್ರ ಕಳಿಸ್ತಿ ಅಂತ,” ಎಂದೆ.

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ನಾನು ಎಂದೂ ನೋಡದ ಹಾಗಾಯಿತು. ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಗೋಡೆಗೆ ಒರಗಿದಳು. ಆಮೇಲೆ ಅಪ್ಪನಿಗೆ ಹೇಳಿದಳು, ಕನ್ನಡದಲ್ಲಿ.

“ಬಾಯಾರಿದ ಕೂಸು ನೀರು ಕೇಳೈತಿ, ನಾ ಒಣರೊಟ್ಟಿ ತುರುಕೀನಿ. ಅದನ್ನ ದೊಡ್ಡಸ್ತಿಕಿ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗೀನಿ. ನಾ ಎಂಥಾ ತಾಯಿ? ಕರಕೊಂಡು ಹೋಗ್ಲಿ ಬಿಡ್ರಿ.”

ನಾನು ಅಜ್ಜಿಯ ಕಡೆ ನೋಡಿದೆ. ಇಷ್ಟು ವರ್ಷ ನಾನು ಹೆದರಿದ ಗಳಿಗೆ ಇದೇ. ಮಾತು ಸುಳ್ಳಾಗಿತ್ತು, ಕೋಲು ಮತ್ತೆ ಅಡ್ಡ ಬರಬೇಕಿತ್ತು. ಅಜ್ಜಿ ಕೂತಲ್ಲೇ ಕೀಲಿಗೊಂಚಲನ್ನು ಸರಿಮಾಡಿಕೊಂಡಳು.

“ಏನರ ಕೇಳಿ ಬಂದಿರ್ಲಿ,” ಎಂದಳು. “ಬಂದಾಕಿ ಇಲ್ಲೇ ಬೆಳದಾಳ. ನೀವು ನೀವ ಮಾತಾಡಾಕ ಹತ್ತೀರಿ. ಆಕಿನ್ನ ಕೇಳ್ರಿ.”

ಕಾಕಾ ಆಗ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಕೇಳಿದ. ಮನೆಗೆ ಬರುತ್ತೀಯಾ ಪಾರುಲ್ ಎಂದ. ಅಷ್ಟು ಅರ್ಥವಾಯಿತು. ಅವನ ಮಾತಿನಲ್ಲೇ ಉತ್ತರ ಕೊಟ್ಟು ಅವನ ಮನಸ್ಸು ನೋಯದ ಹಾಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಒಲ್ಲೆ ಎಂಬ ಒಂದೇ ಮಾತು. ಕನ್ನಡ ಬಾರದ ಅವನಿಗೂ ಅದು ತಿಳಿಯಿತು. ಅಪ್ಪನ ಕೈಯಿಂದ ಕಾಗದ ತೆಗೆದುಕೊಂಡು ತೊಡೆಯ ಮೇಲೆ ಇಟ್ಟು ನಿಧಾನವಾಗಿ ಸಹಿ ಹಾಕಿದ. ಬಂಗಾಳಿ ಅಕ್ಷರ, ನಾನು ಬಗ್ಗಿ ನೋಡಿದೆ, ಒಂದೂ ಗೊತ್ತಾಗಲಿಲ್ಲ. ಅಜ್ಜಿ ಅವನನ್ನು ಉಣ್ಣದೆ ಕಳಿಸಲಿಲ್ಲ. ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯಲು ಬಾರದೆ ಅವನು ಒದ್ದಾಡುವಾಗ ಅವ್ವ ಅನ್ನ ಬಡಿಸಿ, ಪಕ್ಕದಲ್ಲಿ ನೀರಿನ ತಂಬಿಗೆಯನ್ನು ಎರಡೆರಡು ಸಲ ಮುಂದೆ ಸರಿಸಿದಳು.

ಮಧ್ಯಾಹ್ನದ ಬಸ್ಸಿಗೆ ಅವನನ್ನು ಹತ್ತಿಸಲು ನಾನೂ ಅವ್ವನೂ ಹೋದೆವು. ಬಸ್ಸು ಬಂದಾಗ ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಏನೋ ಹೇಳಿದ. ನನ್ನ ತಾಯಿಯ ವಿಷಯ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ನಾಚಿಕೆಯಾಗಿ, ತಿಳಿದವಳ ಹಾಗೆ ತಲೆಯಾಡಿಸಿದೆ. ನನ್ನ ಬದುಕಿನಲ್ಲಿ ಮಾಡಿದ ತಪ್ಪುಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಮುಂದೆ ಅವನು ಹಬ್ಬಕ್ಕೆ ಹುಣ್ಣಿಮೆಗೆ ಬಂದುಹೋಗುತ್ತಿದ್ದ, ನಾನು ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದ ಮೇಲೂ ಬಂದ. ಆ ಮಾತನ್ನು ಕೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ಅವನಿಗೇ ನೆನಪಿರಲಿಲ್ಲ.

ಬಸ್ಸು ಹೋದ ಮೇಲೆ ಅವ್ವ ನನ್ನ ಕೈ ಹಿಡಿದು ಮನೆಯ ಕಡೆ ನಡೆದಳು. ಗುಡಿಯ ಕಟ್ಟೆಯ ಹತ್ತಿರ ನಿಂತು, ನನ್ನ ಮುಖ ತನ್ನ ಕಡೆ ತಿರುಗಿಸಿಕೊಂಡಳು. ಇನ್ನೂ ಏನೇನು ಕೇಳಿದ್ದೆ ನೀನು, ನಾನು ಏನೇನು ತಿಳಿದುಕೊಂಡೆನೋ ಎಂದಳು. ತಾನೂ ಕಲಿಯುತ್ತೇನೆ, ಒಂದೊಂದೇ ಹೇಳಿಕೊಡು ಎಂದಳು. ನೀರಿನದು ಈಗ ಗೊತ್ತಾಗಿತ್ತು.

“ಹೊಟ್ಟಿ ಹಸಿದ್ರ ಏನಂತಾರ ನಿಮ್ಮ ಮಾತಿನ್ಯಾಗ?”

ನಾನು ಯೋಚಿಸಿದೆ. ಹಸಿದು ನಡೆದ ದಾರಿ ಗೊತ್ತಿತ್ತು, ಹಸಿವೆಯೂ ಗೊತ್ತಿತ್ತು. ಅದನ್ನು ಎಷ್ಟು ಸಲ ಎಷ್ಟು ಜನರೆದುರು ಹೇಳಿದ್ದೆನೆಂಬುದೂ ಗೊತ್ತಿತ್ತು. ಅವ್ವ ಕಾಯುತ್ತಿದ್ದಳು.

“ಹಸಿವಿ ಅಂತಾರವ್ವ.”

“ಅದು ನಮ್ಮ ಮಾತಲ್ಲೇನ ಪಾರೂ. ನಿಮ್ಮದು ಹೇಳು.”

ನಾನು ಅವಳ ಮುಖ ನೋಡುತ್ತ ನಿಂತೆ. ನನ್ನ ಹತ್ತಿರ ಬೇರೆ ಮಾತು ಇರಲಿಲ್ಲ.